ಒಪ್ಪಿಕೊಂಡ ಸವಾಲು

"ನಾನು ಯಾರೊಡನೆಯೂ ದ್ವಂದ್ವಯುದ್ಧ ಮಾಡಿಲ್ಲ" ಎಂದು ಜಡ್ಜ್ ಪ್ರಮಾಣವಚನ ಹೇಳಿಕೊಟ್ಟಾಗ ಕೋರ್ಟಿನಲ್ಲಿ ಎಂದಿನಂತೆ ನಗು ಎದ್ದಿತು. ಅಮೆರಿಕದ ಕೆಂಟಕಿ ರಾಜ್ಯದ ಸಂವಿಧಾನದಲ್ಲಿ ಹಳೆಯ ಕಾಲದಿಂದ ಉಳಿದಿರುವ ಈ ಮಾತನ್ನು ಹೇಳದೆ ಅಲ್ಲಿ ಯಾರೂ ಅಧಿಕಾರ ವಹಿಸಿಕೊಳ್ಳುವಂತಿಲ್ಲ. ಬಲಗೈ ಎತ್ತಿ ನಿಂತಿದ್ದ ಹೊಸ ಜೈಲರ್ ಡೆಲ್ಫಾಳೂ ನಗುತ್ತಲೇ ಹೇಳಿದಳು.

"ಅದಕ್ಕಾಗಿ ಬಂದ ಸವಾಲನ್ನೂ ಒಪ್ಪಿಕೊಂಡಿಲ್ಲ" ಎಂದು ಜಡ್ಜ್ ಮುಂದಿನ ಸಾಲು ಹೇಳಿಕೊಟ್ಟರು.

ಡೆಲ್ಫಾಳ ನಗು ನಿಂತಿತು. ಜೈಲರ್ ಚುನಾವಣೆಯಲ್ಲಿ ಅವಳೆದುರು ಸೋತ ದಿನ ಹಳೆಯ ಜೈಲರ್ ಹೋಬರ್ಟ್ ಅಂದಿದ್ದ: "ನನ್ನ ಕುರ್ಚಿ ಬೇಕೇನೇ ಹುಡುಗಿ? ಪಿಸ್ತೂಲು ತಗೊಂಡು ಬಾ. ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಹಾಕ್ಕೊಂಡು ದೂರ ಹೋಗಿ, ತಿರುಗಿ ಹೊಡೆಯೋಣ!" "ಆಯ್ತು ಬಿಡಜ್ಜ, ದಿನ ನೀನೇ ಗೊತ್ತು ಮಾಡು" ಎಂದು ಇವಳೂ ತಮಾಷೆ ಮಾಡಿದ್ದಳು. ಮರುವಾರವೇ ಅವನನ್ನು ಮಣ್ಣು ಮಾಡಿದ್ದರು.

"ಹೇಳಮ್ಮ, ಇಲ್ಲಿ ಎಲ್ರಿಗೂ ನಗು ಬರುತ್ತೆ" ಎಂದರು ಜಡ್ಜ್.

"ಒಪ್ಪಿಕೊಂಡಿಲ್ಲ" ಎಂದಳು.

ಆ ಕ್ಷಣವೇ ಅವಳ ಬೆನ್ನಿಗೆ ತಣ್ಣನೆಯ ಬೆನ್ನೊಂದು ಒರಗಿತು. ಎದುರಿಗಿದ್ದ ಜಡ್ಜ್ ನಗುತ್ತಲೇ ಇದ್ದರು. ಒರಗಿದ್ದ ಬೆನ್ನು ಮೆಲ್ಲನೆ ದೂರ ಸರಿಯಿತು. ಮರದ ನೆಲದ ಮೇಲೆ ಬೂಟಿನ ಸದ್ದು ಒಂದೊಂದೇ ಹೆಜ್ಜೆಯಾಗಿ ಬಾಗಿಲಿನ ಕಡೆಗೆ ದೂರವಾಗಿ, ನಿಂತಿತು. ಆಮೇಲೆ ಹಿಮ್ಮಡಿ ತಿರುಗಿದ ಸದ್ದು.

ಡೆಲ್ಫಾಳ ಎತ್ತಿದ ಬಲಗೈಯಲ್ಲಿ ಏನೂ ಇರಲಿಲ್ಲ.