ಕಿಮೋನೋದ ಬಲ ಅಂಚು

ಜಪಾನಿ ಕಲಾಪ್ರದರ್ಶನಕ್ಕೆ ಚಿತ್ರಗಳ ವಿವರ ಬರೆಯುತ್ತಿದ್ದ ಸಂಶೋಧಕಿ ಆ ಭಾವಚಿತ್ರದ ಮುಂದೆ ನಿಂತುಬಿಟ್ಟಳು. ವೃದ್ಧ ಕಲಾವಿದರು ತಮ್ಮ ಜಪಾನಿ ಹೆಂಡತಿಯನ್ನೇ ಬರೆದ ಚಿತ್ರ. ಅದು ಮುಗಿದ ವಾರದಲ್ಲೇ ಆಕೆ ಹೇಳದೆ ಕೇಳದೆ ತವರಿಗೆ ಹೊರಟುಹೋದಳೆಂದು ಅವರೇ ಹೇಳಿದ್ದರು.

"ಸರ್," ಎಂದಳು ಪಕ್ಕದಲ್ಲಿದ್ದ ಕಲಾವಿದರಿಗೆ, "ಕಿಮೋನೋದ ಬಲ ಅಂಚು ಎಡ ಅಂಚಿನ ಮೇಲೆ ಬಂದಿದೆ. ಅವರಲ್ಲಿ ಹೆಣಕ್ಕೆ ಮಾತ್ರ ಹಾಗೆ ಉಡಿಸ್ತಾರೆ. ನೆನಪಿನಿಂದ ಬರೆಯುವಾಗ ತಪ್ಪಾಯ್ತೇನೋ?"

ಮುದುಕರಿಗೆ ಮೂಗಿನ ತುದಿಯಲ್ಲೇ ಕೋಪ.

"ನೆನಪಿನಿಂದಲಾ? ಕಣ್ಣಾರೆ ಕಾಣದ ಒಂದು ಗೆರೆಯನ್ನೂ ನಾನು ಎಳೆದವನಲ್ಲಮ್ಮ. ನಾನೇ ಉಡಿಸಿ, ಎದುರಿಗೆ ಕೂರಿಸಿಕೊಂಡು ಬರೆದದ್ದು."

ಅವಳ ಪೆನ್ಸಿಲ್ ನಿಂತಿತು. "ಅಷ್ಟು ಹೊತ್ತು ಅವರು ಕೂತಿದ್ದರಾ?"

"ಎರಡು ದಿನ," ಎಂದರು ಹೆಮ್ಮೆಯಿಂದ. "ಒಂದ್ಸಲಾನೂ ಅಲುಗಾಡಲಿಲ್ಲ."