ಬರುವ ಖರ್ಚು

ಫೈಬರ್ ಅಂಟಿನ ವಾಸನೆ ಬಂದರೆ ಈಗಲೂ ನನಗೆ ಕಡಲಿಂದ ದೂರದ ಲಕಮನಹಳ್ಳಿಯ ಶೆಡ್ಡಿನಲ್ಲಿ ಸಮುದ್ರ ಕಾಣುತ್ತದೆ.

ಹೆಂಡತಿ, ನಮ್ಮ ಕಾಕು, ತೀರಿಕೊಂಡ ವರ್ಷ ಕಾಕಾ ಕಾರವಾರದಿಂದ ಹಳೆಯ ಹಾಯಿದೋಣಿಯೊಂದನ್ನು ಲಾರಿಯಲ್ಲಿ ಆ ಶೆಡ್ಡಿಗೆ ತಂದರು. ರಿಪೇರಿ ಮಾಡಿಸಿ ಒಬ್ಬರೇ ಅರಬ್ಬಿ ಸಮುದ್ರ ದಾಟುವ ಹಂಬಲ. ಒಂದು ಮಧ್ಯಾಹ್ನ ಅದರ ನೆರಳಲ್ಲಿ ಕೂತು ಖರ್ಚಿನ ಯಾದಿ ಬರೆದರು: ಹೊಸ ಹಾಯಿ, ಹಗ್ಗ, ತಳಕ್ಕೆ ಫೈಬರ್, ನಲವತ್ತು ದಿನದ ನೀರು, ಅವಲಕ್ಕಿ. ನಾನು ದೋಣಿಯ ಬೆಚ್ಚನೆಯ ಹೊಟ್ಟೆಗೆ ಕಿವಿ ಹಚ್ಚಿ ನಿಂತಿದ್ದೆ, ಒಳಗೆ ಅಲೆಗಳಿದ್ದವು.

ಮಗನಿಗೆ ಬುತ್ತಿ ತಂದ ಅಜ್ಜಿ ಯಾದಿಯನ್ನು ಓದಿಸಿಕೊಂಡು ಅಂದಳು:

"ಇದು ಹೋಗೂದರ ಖರ್ಚಷ್ಟ ಆತಲ್ಲೋ ತಮ್ಮಾ. ನಮ್ಮ ಮನ್ಯಾಗ ಹೋಗ್ತೇನಿ ಅಂತ ಯಾರೂ ಅನ್ನೂದಿಲ್ಲ. ಬರೂದರ ಖರ್ಚೂ ಹಿಡಿ."

ಕಾಕಾ ಯಾದಿಯನ್ನು ಮತ್ತೆ ಕೈಗೆತ್ತಿಕೊಂಡರು. ನೀರು, ಅವಲಕ್ಕಿ ಎರಡರಷ್ಟಾದವು. ಖರ್ಚು ಕೈಮೀರಿತು.

ದೋಣಿ ಶೆಡ್ಡು ಬಿಡಲಿಲ್ಲ. ಆದರೆ ಅಂದಿನಿಂದ ಕಾಕಾ ಮೂಲೆಯಂಗಡಿಗೆ ಹೊರಟರೂ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದರು: "ಅವ್ವಾ, ಹೋಗಿ ಬರ್ತೇನಿ."