ಬೆಲೆಯಿಲ್ಲದ ಕಾರ್ಡು

“ಇದರಾಗ ರೇಟು ಇಲ್ಲಲ್ಲ?” ಎಂದರು ಶಾಮಲಾಬಾಯಿ.

ನಲಿನಿ ಅವ್ವನ ಕೈಯಲ್ಲಿದ್ದ ಹಸಿರು ಕಾರ್ಡನ್ನು ನೋಡಿದಳು, ಆಮೇಲೆ ತನ್ನದನ್ನು. ತಿನಿಸುಗಳ ಹೆಸರು ಮಾತ್ರ ಇತ್ತು. ಎದುರಿಗೆ ಕುಳಿತ ವಾಸುದೇವರಾಯರಿಗೂ ಅವರ ಮಗ ಜಯತೀರ್ಥನಿಗೂ ಕೊಟ್ಟದ್ದು ಕೆಂಪು ಕಾರ್ಡು. ಅದರಲ್ಲಿ ಬೆಲೆ ಇತ್ತು.

“ಅದು ಲೇಡೀಸ್ ಕಾರ್ಡ್ ಮೇಡಂ,” ಎಂದ ಸರ್ವರ್. ಎಂಬತ್ತಾರನೆಯ ಇಸವಿ, ಹಿಮಾಯತ್‌ನಗರದ ಆ ಶಾಕಾಹಾರಿ ಹೋಟೆಲು ಹೊಸದು, ಅದರ ರೀತಿಗಳೂ ಹೊಸವು.

“ಹೆಂಗಸರಿಗೆ ರೇಟು ಯಾಕ ಬೇಕು?” ಎಂದರು ಗೋದಾಬಾಯಿ. ವಾಸುದೇವರಾಯರ ಅಕ್ಕ. “ಕೊಡೋರು ಗಂಡಸರು. ನಾವು ತಿಂದು ಏಳೋದು.”

“ಬೆಲಿ ಗೊತ್ತಿಲ್ಲದ ನಾ ಏನೂ ತಿನ್ನೂದಿಲ್ಲರಿ,” ಎಂದರು ಶಾಮಲಾಬಾಯಿ.

ಈ ಭೇಟಿಗೆ ಗೋದಾಬಾಯಿಯನ್ನು ಒಪ್ಪಿಸಲು ಎರಡು ತಿಂಗಳು ಹಿಡಿದಿತ್ತು. ದಿಲ್‌ಸುಖ್‌ನಗರದ ನಲಿನಿಯ ಮನೆಗೆ ಬರಲು ಆಕೆ ಒಲ್ಲೆ ಎಂದಿದ್ದರು; ಆ ಮನೆಯ ನೀರು ಕುಡಿದರೆ ಸಂಬಂಧಕ್ಕೆ ಹೂಂ ಅಂದಂತೆ. ಕೊನೆಗೆ ಜಯತೀರ್ಥನೇ ಹೋಟೆಲಿನ ದಾರಿ ಕಂಡುಹಿಡಿದಿದ್ದ.

ಈ ಮಾತಿಗೆ ಮೊದಲು ಬಾಯಿ ಬಿಟ್ಟವನೂ ಅವನೇ. ಒಂದು ದಿನ ನಲಿನಿಯ ಬ್ಯಾಂಕಿಗೆ ಬಂದು ಕೌಂಟರಿನ ಮುಂದೆ ನಿಂತು, “ನಿಮ್ಮ ಅವ್ವ ಒಪ್ಪತಾರೇನ್ರಿ?” ಎಂದು ಕೇಳಿದ್ದ. “ನಿಮ್ಮ ಅಪ್ಪ?” ಎಂದು ಕೇಳಿದ್ದಳು ಇವಳು. ಇಬ್ಬರಿಗೂ ನಗು ಬಂದಿತ್ತು. ಆಮೇಲೆ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಮಾತು ತೆಗೆದರು. ಆ ರಾತ್ರಿ ಅವ್ವ ಉಣ್ಣದೆ ಎದ್ದು ಹೋಗಿದ್ದಳು. ಒಂದು ವಾರ ಸರಿಯಾಗಿ ಮಾತಾಡಿರಲಿಲ್ಲ.

ಇದೆಲ್ಲ ಕೈಗೂಡಿದರೆ ದಿಲ್‌ಸುಖ್‌ನಗರದ ಎರಡು ಕೋಣೆಯ ಮನೆಯಲ್ಲಿ ಉಳಿಯುವವಳು ಒಬ್ಬಳೇ. ಆದರೂ ಹಟ ಹಿಡಿದು ಓಡಾಡಿದವಳು ನಲಿನಿಯೇ. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಅವ್ವನೂ ನೌಕರಿಗೆ ಹೋಗುತ್ತಿದ್ದಳು. ಪರವಾಗಿ ನಿಂತು ಮಾತಾಡುವ ಹಿರಿಯರು ಯಾರೂ ಇರಲಿಲ್ಲ.

ವಾಸುದೇವರಾಯರು ತಮ್ಮ ಕೆಂಪು ಕಾರ್ಡನ್ನು ಮೇಜಿನ ಮೇಲಿಂದ ಶಾಮಲಾಬಾಯಿಯ ಕಡೆ ಚಾಚಿ, ಹಸಿರು ಕಾರ್ಡನ್ನು ತಾವು ತೆಗೆದುಕೊಂಡರು.

“ನನಗ ಇದು ಸಾಕು. ನೀವು ನೋಡಿ ಹೇಳ್ರಿ.”

ಗೋದಾಬಾಯಿಯ ಮುಖ ಬಿಗಿಯಿತು. ಮೇಜಿನ ನಡುವೆ ಮಡಿಸಿ ನಿಲ್ಲಿಸಿದ್ದ ಸಣ್ಣ ಕಾರ್ಡನ್ನು ಬೆರಳಿನಿಂದ ತಟ್ಟಿದರು. ಅಂದಿನ ಊಟ ಅದರಲ್ಲಿತ್ತು: ಪೂರಿ, ಎರಡು ಪಲ್ಯ, ಅನ್ನ, ಸಾರು, ಮೊಸರು, ಒಂದು ಸಿಹಿ. “ಆರಿಸೋದು ಬೇಕಿಲ್ಲ. ಎಲ್ಲಾರಿಗೂ ಇದನ್ನ ತರಲಿ. ಕೊಟ್ಟಿದ್ದು ಉಂಡ್ರಾತು. ನನಗ ಹಾಲು ಸಾಕು.”

“ನನಗ ಇಡ್ಲಿ,” ಎಂದರು ಶಾಮಲಾಬಾಯಿ, ಕೆಂಪು ಕಾರ್ಡಿನಿಂದ ತಲೆ ಎತ್ತದೆ. “ನಲಿನೀ, ನಿನಗ?”

“ಮಸಾಲಿ ದೋಸಿ,” ಎಂದಳು ನಲಿನಿ. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ಸರ್ವರ್ ಬರೆದುಕೊಂಡು ಹೋದ. ಗೋದಾಬಾಯಿ ಸೆರಗು ಸರಿಮಾಡಿಕೊಂಡು ನೇರ ವಿಷಯಕ್ಕೆ ಬಂದರು. “ಆರು ವರ್ಷ ಆತು, ವಾಸುದೇವನ ಮನ್ಯಾಗ ಹೆಣ್ಣುದಿಕ್ಕಿಲ್ಲ. ಒಲಿ ಮುಂದ ಅವನೇ ನಿಂತಾನ. ನೌಕರಿ ಬಿಡಬೇಕಾಗ್ತದ.”

“ನೌಕರಿ ಬಿಡೋ ಮಾತೇ ಇಲ್ಲರಿ,” ಎಂದಳು ನಲಿನಿ.

“ನಾ ನಿನ್ನ ಕೇಳಿಲ್ಲ.”

“ಅಕಿ ಹೇಳಿದ್ದು ನನ್ನ ಮಾತೇ,” ಎಂದರು ಶಾಮಲಾಬಾಯಿ. ಕಾರ್ಡನ್ನು ಮಡಿಸಿ ಕೆಳಗಿಟ್ಟರು. “ಅಡಗಿ ಮಾಡಲಿಕ್ಕೆ ಆಳು ಬೇಕಿದ್ರ ಆಳು ಹುಡುಕ್ರಿ. ಈ ಮಾತುಕತಿ ಅದಕ್ಕಲ್ಲ.”

“ಒಲಿ ಮುಂದ ನಿಂತು ನನಗೇನೂ ಕಡಿಮಿ ಆಗಿಲ್ಲ ಅಕ್ಕಾ,” ಎಂದರು ವಾಸುದೇವರಾಯರು.

“ನಮ್ಮ ಮನಿತನದಾಗ ಇಂಥಾದ್ದು ಎಂದೂ ಆಗಿಲ್ಲ,” ಎಂದರು ಗೋದಾಬಾಯಿ. ದನಿ ನಡುಗುತ್ತಿತ್ತು. “ಮಠದಾಗ ಮುಖ ಹೆಂಗ ತೋರಿಸಲಿ? ಜನ ಏನಂದಾರು?”

“ಜನ ನಮ್ಮ ಮನಿಗೆ ದೀಪಾ ಹಚ್ಚಲಿಕ್ಕೆ ಬರೂದಿಲ್ಲ, ಅತ್ಯಾ,” ಎಂದ ಜಯತೀರ್ಥ.

“ನೀನೂ ಇವರ ಕಡಿ ಏನು?”

“ನಾನ ಶುರು ಮಾಡಿದ್ದು.”

ಗೋದಾಬಾಯಿ ಎದ್ದರು. ಹಾಲಿನ ಲೋಟ ಬಂದಿತ್ತು, ಅದನ್ನು ಮುಟ್ಟಲಿಲ್ಲ. “ಮದಿವಿಗೆ ನಾ ಬರೂದಿಲ್ಲ.”

“ನೀ ಬರಬೇಕಂತ ಆಸಿ ಅದ, ಅಕ್ಕಾ,” ಎಂದರು ವಾಸುದೇವರಾಯರು. ಅವರೂ ಎದ್ದು ನಿಂತಿದ್ದರು. “ಬರದಿದ್ರೂ ಮದಿವಿ ಆಗ್ತದ.”

ಜಯತೀರ್ಥ ಅತ್ತೆಯನ್ನು ಆಟೋ ಹತ್ತಿಸಿ ಬರಲು ಹೋದ. ಶಾಮಲಾಬಾಯಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ನಲಿನಿ ಕಂಡೂ ಕಾಣದಂತೆ ಕುಳಿತಳು. ಇಡ್ಲಿ ಬಂತು. ಅವ್ವ ಬೆನ್ನು ನೇರ ಮಾಡಿಕೊಂಡು, ಒಂದು ತುಣುಕೂ ಬಿಡದೆ ತಿಂದಳು.

ಮುಂದಿನ ತಿಂಗಳು ನಾಲ್ವರೂ ರಿಜಿಸ್ಟ್ರಾರ್ ಕಚೇರಿಗೆ ಹೋದರು. ಗೋದಾಬಾಯಿ ಬರಲಿಲ್ಲ. ನಲಿನಿ ಮತ್ತು ಜಯತೀರ್ಥ ಮೇಜಿನ ಮುಂದೆ ಅಕ್ಕಪಕ್ಕ ನಿಂತರು. ಗುಮಾಸ್ತ ಇಬ್ಬರನ್ನೂ ನೋಡಿ ನಕ್ಕ. ಮೊದಲು ಮದುಮಗಳು ಸಹಿ ಮಾಡಲಿ ಎಂದು ತೆಲುಗಿನಲ್ಲಿ ಹೇಳಿ, ದಪ್ಪ ರಿಜಿಸ್ಟರನ್ನು ನಲಿನಿಯ ಮುಂದಕ್ಕೆ ತಳ್ಳಿದ.

ನಲಿನಿ ಅದನ್ನು ಅವ್ವನ ಮುಂದಕ್ಕೆ ಸರಿಸಿದಳು. ಜಯತೀರ್ಥ ಜೇಬಿನಿಂದ ಪೆನ್ನು ತೆಗೆದು ಅಪ್ಪನ ಕೈಗೆ ಕೊಟ್ಟ.